ಉರುಳಿಸು, ತಿರುಚಬೇಡ

ಜೋಗುಪಾಳ್ಯ
ಮಂಗಳವಾರ, 11 ಫೆಬ್ರುವರಿ 2025

ನಂದೂ,

ಅಮ್ಮನ ಆಶೀರ್ವಾದ. ಕುಶಲ ವಿಚಾರಿಸುವ ಮೊದಲು ಒಂದೇ ಪ್ರಶ್ನೆ. ಸೂರ್ಯನ ಬಲಗಾಲಿನ ಹೆಬ್ಬೆರಳು ಈಗಲೂ ಆಡುತ್ತಿದೆಯೇ? ಹೋಗಿ ನೋಡು. ಆಡದಿದ್ದರೆ, ಅಥವಾ ಕಾಲಿನ ಜೋಮು ನಿನ್ನೆಗಿಂತ ಹೆಚ್ಚಾಗಿದ್ದರೆ, ಈ ಕಾಗದ ಇಲ್ಲಿಗೇ ಬಿಟ್ಟು ಆಸ್ಪತ್ರೆಗೆ ಫೋನ್ ಮಾಡು, ಆಂಬುಲೆನ್ಸ್ ಕರೆಸು. ಆಡುತ್ತಿದ್ದರೆ ಮುಂದೆ ಓದು.

ನಿನ್ನೆ ಸಂಜೆ ನೀನು ಫೋನ್ ಮಾಡಿದಾಗ ಕೇಳಬೇಕೆಂದಿದ್ದು ಇದನ್ನೇ. ಅಷ್ಟರಲ್ಲಿ ಲೈನ್ ಕಟ್ಟಾಯಿತು. ನಿನ್ನ ಅತ್ತೆ ಒಳಗೆ ಬಂದರೆಂದು ಊಹಿಸಿದೆ. ಆಮೇಲೆ ಎಷ್ಟು ಸಲ ಮಾಡಿದರೂ ನೀನು ಎತ್ತಲಿಲ್ಲ. ನನ್ನ ಜೊತೆ ವಾರ್ಡಿನಲ್ಲಿ ಆಯಾ ಆಗಿದ್ದ ಶಂಶುನ್ನೀಸಾ ಈ ಕಾಗದ ತರುತ್ತಾಳೆ. ಅವಳನ್ನು ಬಾಗಿಲಿಂದಲೇ ಕಳಿಸಬೇಡ.

ಡಿಸ್ಚಾರ್ಜ್ ಹಾಳೆ ಓದಿ ನೀನು ಕೇಳಿದ್ದು ಇಷ್ಟು: 'ಟರ್ನ್ ಅಂತಾನೂ ಬರ್ದಿದಾರೆ, ರೋಲ್ ಅಂತಾನೂ ಬರ್ದಿದಾರೆ, ಟ್ವಿಸ್ಟ್ ಬೇಡ, ರೊಟೇಟ್ ಬೇಡ ಅಂತಾರೆ. ಎಲ್ಲಾ ತಿರುಗ್ಸೋದೇ ಅಲ್ವಾಮ್ಮ?' ನಾನು ಉತ್ತರ ಕೊಡುವ ಮುಂಚೆ ಹಿಂದಿನಿಂದ ಸೂರ್ಯ ಕೂಗಿದ್ದು ಕೇಳಿಸಿತು. 'ಆಗ್ಲೇ ಮಗ್ಗುಲು ಬದ್ಲಿಸೋವಾಗ ಅತ್ತೆ ಭುಜ ಎಳ್ಕೊಂಡ್ರು, ನಾನು ಸೊಂಟ ಹಿಡ್ಕೊಳ್ಳೋಷ್ಟ್ರಲ್ಲಿ...' ಎಂದೆ ನೀನು. ಅಷ್ಟೇ ಕೇಳಿಸಿದ್ದು. ರಾತ್ರಿಯೆಲ್ಲ ಆ ಕೂಗು ಕಿವಿಯಲ್ಲಿದೆ.

ಇಂದಿರಾನಗರದಲ್ಲಿ ಅಂಗಡಿಯ ಬೋರ್ಡಿಗೆ ಲೈಟು ಹಾಕಲು ಹೋಗಿ ಏಣಿಯಿಂದ ಬಿದ್ದವನು ನಿನ್ನ ಗಂಡ. ಬೆನ್ನುಮೂಳೆಗೆ ರಾಡು, ಸ್ಕ್ರೂ ಹಾಕಿ ಜೋಡಿಸಿದ್ದಾರೆ. ಅದು ಗಟ್ಟಿಯಾಗುವ ತನಕ ಅವನ ಕಾಲು ನಿಮ್ಮ ಕೈಯಲ್ಲಿದೆ. ಹಾಗಾಗಿ ಆ ಮಾತುಗಳನ್ನು ಸರಿಯಾಗಿ ತಿಳಿದುಕೋ. ನಾನು ಕನ್ನಡ ಮೀಡಿಯಂನಲ್ಲಿ ಓದಿ ನರ್ಸಿಂಗ್ ಸೇರಿದವಳು. ಕೇರಳದ ಸಿಸ್ಟರ್‌ಗಳು ಇಂಗ್ಲಿಷಿನಲ್ಲಿ ಹೇಳುತ್ತಿದ್ದಾಗ ಮೊದಮೊದಲು ನನಗೂ ಎಲ್ಲವೂ ತಿರುಗಿಸುವುದೇ ಆಗಿತ್ತು.

ಹಾಳೆಯಲ್ಲಿ ಟರ್ನ್ ಎಂದಿರುವುದು ಮಗ್ಗುಲು ಬದಲಿಸಲು. ಎರಡು ಗಂಟೆಗೊಮ್ಮೆ ಎಡಕ್ಕೆ, ಆಮೇಲೆ ಬಲಕ್ಕೆ. ಇಲ್ಲದಿದ್ದರೆ ಬೆನ್ನು ಹುಣ್ಣಾಗುತ್ತದೆ. ಬಸ್ಸು ಟಿನ್ ಫ್ಯಾಕ್ಟರಿ ಹತ್ತಿರ ಟರ್ನ್ ಆಯಿತು ಎನ್ನುತ್ತೇವಲ್ಲ, ಆ ತರಹ, ಮುಖ ಬೇರೆ ಕಡೆಗೆ ಆಯಿತು ಅಷ್ಟೇ. ಹೇಗೆ ಮಾಡಬೇಕೆಂದು ಹೇಳುವುದು ರೋಲ್. ಲಾಗ್ ರೋಲ್ ಎಂದಿದೆ ನೋಡು. ಲಾಗ್ ಎಂದರೆ ಮರದ ದಿಮ್ಮಿ. ಚಿಕ್ಕವಳಿದ್ದಾಗ ಹಲಸೂರಿನ ದೇವಸ್ಥಾನದಲ್ಲಿ ನಿನ್ನ ಸೋದರತ್ತೆ ಉರುಳು ಸೇವೆ ಮಾಡಿದ್ದನ್ನು ನೋಡಿದ್ದೀಯ. ತಲೆ ಮೊದಲು, ಸೊಂಟ ಆಮೇಲೆ ಎಂದು ಇತ್ತೇ? ಒದ್ದೆ ಸೀರೆಯಲ್ಲಿ ಇಡೀ ಮೈ ಒಂದೇ ಸಲಕ್ಕೆ ಉರುಳುತ್ತಿತ್ತು. ಸೂರ್ಯನೂ ಹಾಗೆಯೇ ಉರುಳಬೇಕು. (ನಿಮ್ಮ ಮನೆಯಲ್ಲಿ ಈ ಹೋಲಿಕೆ ಎತ್ತಬೇಡ. ಬೌದ್ಧರ ಮನೆಗೆ ನರ್ಸಮ್ಮ ಉರುಳು ಸೇವೆ ಕಳಿಸಿದಳು ಎಂದು ನಿನ್ನ ಮಾವ ಸಂಜೀವಪ್ಪನವರು ನಗುತ್ತಾರೆ.)

ಒದ್ದೆ ಟವೆಲನ್ನು ಹಿಂಡುವಾಗ ಒಂದು ತುದಿ ಒಂದು ಕಡೆ ಹೋಗುತ್ತದೆ, ಇನ್ನೊಂದು ತುದಿ ಇನ್ನೊಂದು ಕಡೆ. ಅದು ಟ್ವಿಸ್ಟ್. ನಿನ್ನೆ ನಿಮ್ಮ ಮನೆಯಲ್ಲಿ ಆದದ್ದು ಅದು, ನಂದೂ. ಭುಜ ತಿರುಗಿತು, ಸೊಂಟ ಉಳಿಯಿತು, ನಡುವೆ ಇದ್ದದ್ದು ಆ ಸ್ಕ್ರೂ.

ರೊಟೇಟ್ ಎಂಬುದು ನಿನಗೆ ಗಲಿಬಿಲಿ ಮಾಡಿರಬೇಕು. ಫಿಸಿಯೋ ಲಿಖಿತ್ ವಿಡಿಯೋ ಕಾಲ್‌ನಲ್ಲಿ ಪಾದ ರೊಟೇಟ್ ಮಾಡಿಸಿ ಅಂದನಂತೆ, ಹಾಳೆಯಲ್ಲಿ ರೊಟೇಟ್ ಬೇಡ ಎಂದಿದೆ. ಎರಡೂ ಸರಿ. ಪಾದ ಇದ್ದಲ್ಲೇ ದುಂಡಗೆ ಸುತ್ತಬಹುದು. ಎದೆ, ಸೊಂಟ ಸುತ್ತಬಾರದು. ಮುಂದೆ ಅವನನ್ನು ಕೂರಿಸುವ ದಿನ ಬಂದಾಗ ಡಾಕ್ಟರು ತಲೆ ಸ್ಪಿನ್ ಆಗುತ್ತಾ ಎಂದು ಕೇಳುತ್ತಾರೆ. ವಾಷಿಂಗ್ ಮೆಷಿನ್ನಿನಲ್ಲಿ ಕೊನೆಗೆ ಬಟ್ಟೆ ಗಿರಗಿರ ಸುತ್ತುತ್ತದಲ್ಲ, ಕೋಣೆ ಹಾಗೆ ಸುತ್ತಿದಂತಾದರೆ ಅವನು ಮುಚ್ಚಿಡದೆ ಹೇಳಬೇಕು. ಅವನು ನಿನ್ನ ಹಾಗೆ, ನೋವು ಹೇಳುವುದಿಲ್ಲ.

ಈಗ ಕೆಲಸ. ಮೊದಲು ಮೂತ್ರದ ನಳಿಗೆ ಎಲ್ಲೂ ಸಿಕ್ಕಿಕೊಂಡಿಲ್ಲವೆಂದು ನೋಡು. ಕೈಗಳನ್ನು ಎದೆಯ ಮೇಲೆ ಇಡಿಸು. ಮಂಡಿಗಳ ನಡುವೆ ದಿಂಬು. ಒಬ್ಬರು ತಲೆಯ ಬಳಿ, ಒಬ್ಬರು ಭುಜದ ಬಳಿ, ಒಬ್ಬರು ಸೊಂಟಕ್ಕೆ, ಒಬ್ಬರು ಕಾಲಿಗೆ. ತಲೆಯ ಬಳಿ ಇರುವವರು ಮಾತ್ರ ಒಂದು, ಎರಡು, ಮೂರು ಎನ್ನಬೇಕು. ಮೂರು ಎನ್ನುವ ತನಕ ಯಾರ ಕೈಯೂ ಅಲುಗಬಾರದು.

ನಾಲ್ವರು ಬೇಕು. ನೀನು, ನಿನ್ನ ಅತ್ತೆ, ಶಂಶುನ್ನೀಸಾ. ನಿನ್ನ ಮಾವನ ಕೈ ನಡುಗುತ್ತದೆ, ಅವರಿಂದ ಆಗದು. ಅಕ್ಕಪಕ್ಕದಲ್ಲಿ ಗಟ್ಟಿಯಾದವರನ್ನು ನೋಡು.

ನನ್ನನ್ನು ಕರೆಯಬೇಕಾಗಿಲ್ಲ. ಆಸ್ಪತ್ರೆಯಲ್ಲಿ ನಿನ್ನ ಅತ್ತೆ ಅಂಜಿನಮ್ಮನವರು ಗಂಜಿ ಕುಡಿಸಲು ಅವನ ಭುಜ ಎತ್ತುತ್ತಿದ್ದಾಗ ನಾನು ಅವರ ಕೈ ತಳ್ಳಿದೆ. 'ಏನ್ರೀ, ಮಗನ್ನ ಕೊಲ್ತೀರಾ?' ಎಂದೆ. ಅವರ ಅಣ್ಣತಮ್ಮಂದಿರೆಲ್ಲ ಸುತ್ತ ನಿಂತಿದ್ದರು. ಅವರು ಅಂದದ್ದು ನಿನಗೂ ಗೊತ್ತು: 'ಹೆತ್ತೋಳು ನಾನು. ಅವನು ಎದ್ದು ನಿಲ್ಲೋಗಂಟ ಈ ನರ್ಸಮ್ಮ ನಮ್ಮನೆ ಹೊಸ್ಲು ತುಳೀಕೂಡ್ದು.' ನೀನು ಅವರ ಪಕ್ಕದಲ್ಲೇ ನಿಂತೆ. ನಿಲ್ಲಬೇಕಾದದ್ದೇ. ನಾನು ತಳ್ಳಿದ್ದು ಸರಿಯೆಂದೇ ಇಂದಿಗೂ ಅನ್ನುತ್ತೇನೆ. ಇನ್ನೊಮ್ಮೆ ಆದರೂ ತಳ್ಳುತ್ತೇನೆ. ಆ ಮಾತು ಮಾತ್ರ ಆಡುವುದಿಲ್ಲ. ವಾರ್ಡಿನಲ್ಲಿ ದಿನವೂ ಆಡುತ್ತಿದ್ದ ಮಾತು, ಬೀಗಿತ್ತಿಗೆ ಆಡುವಂಥದ್ದಲ್ಲ.

ಅವರು ಹೊಸ್ತಿಲು ಬೇಡವೆಂದ ಮೇಲೆ ನಾನು ತುಳಿಯುವುದಿಲ್ಲ. ಇಲ್ಲಿ ನಾನು ಆರಾಮಾಗಿದ್ದೇನೆ. ಪೇಪರ್ ಓದುತ್ತೇನೆ, ಸಂಜೆ ಸೊಪ್ಪು ತರಲು ಹೋಗುತ್ತೇನೆ. ನನ್ನ ಚಿಂತೆ ನಿನಗೆ ಬೇಡ. ಎರಡು ಗಂಟೆಗೊಮ್ಮೆ ಮಗ್ಗುಲು, ಅದೊಂದು ನೆನಪಿರಲಿ.

ನಿನ್ನ
ಅಮ್ಮ
ಭಾಗ್ಯಲಕ್ಷ್ಮಿ

ಮರೆತ ಮಾತು: ಆರಾಮಾಗಿದ್ದೇನೆ ಎಂದು ಬರೆದದ್ದು ಮನೆಯಲ್ಲಿ ಕೂತು. ಇದನ್ನು ಬರೆಯುತ್ತಿರುವುದು ನಿಮ್ಮ ಕಟ್ಟಡದ ಕೆಳಗೆ, ಎಳನೀರು ಗಾಡಿಯ ಪಕ್ಕ ನಿಂತು. ಶಂಶುನ್ನೀಸಾ ಜೊತೆ ಬಸ್ಸಿನಲ್ಲಿ ಬಂದೆ. ಅವಳು ಕಾಗದಕ್ಕೆ ಕೈ ಚಾಚಿ ನಿಂತಿದ್ದಾಳೆ, 'ಜಲ್ದಿ ಕರೋ ಸಿಸ್ಟರ್' ಅಂತಿದ್ದಾಳೆ. ಅಕ್ಕಪಕ್ಕದವರು ಯಾರಾದರೂ ಸಿಕ್ಕಿದರೆ ನಾನು ಬಂದ ಹಾಗೆಯೇ ಹೋಗುತ್ತೇನೆ. ಸಿಗದಿದ್ದರೆ ಈ ಕೊನೆಯ ಸಾಲುಗಳನ್ನು ಅಂಜಿನಮ್ಮನವರಿಗೆ ಗಟ್ಟಿಯಾಗಿ ಓದಿ ಹೇಳು. ತಲೆಯ ಬಳಿ ಅವರೇ ನಿಲ್ಲಲಿ. ಎಣಿಸುವವರು ಅವರು. ನಾನು ಸೊಂಟ ಹಿಡಿಯುತ್ತೇನೆ. ಅವರು ಮೂರು ಎನ್ನುವ ತನಕ ನನ್ನ ಕೈ ಅಲುಗುವುದಿಲ್ಲ.