ಬರಿಗಾಲಿನ ಹರಕೆ

ಸಿಂಗಸಂದ್ರ
ಏಪ್ರಿಲ್ ೨೦೧೨

ತಾಯಿ ಶಶಿಕಲಾ,

ನೀನು ಓಟದಲ್ಲಿ ಗೆದ್ದೆ ಎಂದು ನಮ್ಮ ಶೂ ಹಾಕಿಸಿ, ಹೊಸೂರು ರಸ್ತೆಯ ದೊಡ್ಡ ಜಾಹೀರಾತು ಬೋರ್ಡಿನ ಮೇಲೆ ನಿನ್ನನ್ನು ನಿಲ್ಲಿಸಿದೆ. ನೀನು ಅದೇ ಬೋರ್ಡಿನ ಕೆಳಗೆ ಧರಣಿ ಕೂತು, ಆಟದ ಮೈದಾನ ವಾಪಸ್ ಸಿಗುವವರೆಗೂ ಕಾಲಿಗೆ ಏನೂ ಮೆಟ್ಟುವುದಿಲ್ಲ ಎಂದು ಮುನೇಶ್ವರನಿಗೆ ಹರಕೆ ಹೊತ್ತೆ. ಪಾಲಿಕೆಯವರು ಮೈದಾನವನ್ನು ಪಾರ್ಕಿಂಗಿಗೆ ಕೊಟ್ಟದ್ದು ತಪ್ಪೇ, ಒಪ್ಪುತ್ತೇನೆ. ಆದರೆ ಕಾಫಿ ಬಿಡಬಹುದಿತ್ತಲ್ಲಮ್ಮ, ಶೂನೇ ಯಾಕೆ? ಅಂಗಡಿಯವರು, “ಏನ್ ಸಾರ್, ನಿಮ್ ಶೂ ಆ ಹುಡುಗೀಗೂ ಕಚ್ತಾ?” ಎಂದು ನಗುತ್ತಾರೆ.

ಬುದ್ಧಿ ಹೇಳಲು ನಮ್ಮಮ್ಮನನ್ನು ಕಳಿಸಿದರೆ ಅವಳೂ ಚಪ್ಪಲಿ ಬಿಟ್ಟು ನಿನ್ನ ಪಕ್ಕ ಕೂತಿದ್ದಾಳೆ. ಸಕ್ಕರೆ ಕಾಯಿಲೆಯ ಕಾಲು, ಬಿಸಿಲು ಆಗುವುದಿಲ್ಲ. ನಾಳೆ ಶಾಮಿಯಾನ ಕಳಿಸುತ್ತೇನೆ. ಅದರ ಮೇಲಿರುವ ನಮ್ಮ ಕಂಪನಿ ಹೆಸರು ರಸ್ತೆಗೆ ಕಾಣುವಂತೆ ಕಟ್ಟಿಸು. ಒಪ್ಪದಿದ್ದರೆ ಹೆಸರನ್ನು ಒಳಗಡೆ ತಿರುಗಿಸಿಕೋ, ನೆರಳು ಮಾತ್ರ ಅಮ್ಮನ ಕಾಲಿನ ಮೇಲಿರಲಿ.

ಇಂತಿ, ಸಾಕಾಗಿ ಹೋದ
ಮುನೀಂದ್ರ, ಶೂ ಕಾರ್ಖಾನೆ