ಮಂದಬೀದಿಯಿಂದ, ರೋಡ್ ರೋಲರ್ ಕಾಲದವರಿಗೆ

ಹುಣಸೆತೋಪು ಮಂದಬೀದಿ, ತುಮಕೂರು
ಫೆಬ್ರವರಿ ೩೦, ೨೧೪೧

ಮಾನ್ಯರೇ,

ಮೊದಲಿಗೆ ಕ್ಷಮೆ ಕೇಳಬೇಕು. ಮೇಲಿನ ತಾರೀಖು ನೋಡಿ ಯಾವನೋ ತಲೆಕೆಟ್ಟವನು ಬರೆದಿದ್ದಾನೆ ಅಂದುಕೊಂಡಿರುತ್ತೀರಿ. ನಮ್ಮಲ್ಲಿ ಫೆಬ್ರವರಿಗೆ ಮೂವತ್ತು ದಿನ. ಹಿಂದೆ ಯಾವುದೋ ಸರ್ಕಾರ ಬಜೆಟ್ ಅಧಿವೇಶನ ಮುಗಿಸಲಾಗದೆ ಆ ತಿಂಗಳನ್ನು ಸ್ವಲ್ಪ ಎಳೆಯಿತು. ಆಮೇಲೆ ಬಂದವರಿಗೆ ಅದನ್ನು ಸರಿಮಾಡಲು ಪುರುಸೊತ್ತಾಗಲಿಲ್ಲ. ನಮ್ಮ ಕಾಲದ ಎಷ್ಟೋ ಸಂಗತಿಗಳು ಹೀಗೇ ಉಳಿದುಕೊಂಡಿವೆ. ನನ್ನ ಮಾತೂ ನಿಮಗೆ ಅಲ್ಲಲ್ಲಿ ತೊಡರಬಹುದು. ಕಾಲೇಜಿನಲ್ಲಿ ಎರಡು ವರ್ಷ ಇಂಗ್ಲಿಷ್ ಇತ್ತು, ಹಳೆಯ ಅರ್ಜಿಗಳನ್ನು ಬಾಯಿಪಾಠ ಮಾಡಿಸುತ್ತಿದ್ದರು. ಈ ಪತ್ರವನ್ನೂ ‘ವಿತ್ ಡ್ಯೂ ರೆಸ್ಪೆಕ್ಟ್ ಐ ಬೆಗ್ ಟು ಸ್ಟೇಟ್’ ಎಂದು ಶುರುಮಾಡೋಣ ಅಂತಿದ್ದೆ. ಸ್ಟೇಟ್ ಆದಮೇಲೆ ಏನು ಬರುತ್ತದೋ ನೆನಪಾಗಲಿಲ್ಲ. ಕನ್ನಡದಲ್ಲೇ ಬರೆಯುತ್ತೇನೆ.

ನನ್ನ ಹೆಸರು ಗುರುಶಾಂತಯ್ಯ. ನೀರು ಸರಬರಾಜು ಕಚೇರಿಯಲ್ಲಿದ್ದು ನಿವೃತ್ತನಾದವನು. ಹೆಂಡತಿ ಕಾತ್ಯಾಯಿನಿ ಹೋದ ಕಾರ್ತಿಕದಲ್ಲಿ ತೀರಿಕೊಂಡಳು. ಗಂಡನನ್ನೋ ಹೆಂಡತಿಯನ್ನೋ ಕಳೆದುಕೊಂಡವರಿಗೆ ನಮ್ಮಲ್ಲಿ ಸರ್ಕಾರ ಒಂದು ಹಿಂದಂಚೆ ಕೊಡುತ್ತದೆ. ಅಂದರೆ ಕಳೆದುಹೋದ ಕಾಲಕ್ಕೆ ಕಳಿಸಬಹುದಾದ ಒಂದು ಕಾಗದ. ಸ್ವಂತದವರಿಗೆ ಬರೆಯುವಂತಿಲ್ಲ. ಗೊತ್ತಿದ್ದೂ ಮದುವೆಗೆ ಮುಂಚಿನ ಕಾತ್ಯಾಯಿನಿಗೆ ಬರೆದೆ, ವಾಪಸ್ ಬಂತು. ಹಾಗಾಗಿ ನಿಮಗೆ ಬರೆಯುತ್ತಿದ್ದೇನೆ.

ನಿಮ್ಮ ಕಾಲದ ಒಂದು ಚಿತ್ರ ನಮ್ಮ ಶಾಲೆಯ ಪುಸ್ತಕದಲ್ಲಿತ್ತು. ರಸ್ತೆಯ ಮೇಲೆ ಬೈಕಿನ ಸೈಲೆನ್ಸರುಗಳನ್ನು ಸಾಲಾಗಿ ಮಲಗಿಸಿ ಅವುಗಳ ಮೇಲೆ ರೋಡ್ ರೋಲರ್ ಹತ್ತಿಸಿದ್ದಾರೆ. ಪಕ್ಕದಲ್ಲಿ ಪೊಲೀಸರು ಫೋಟೋಕ್ಕೆ ನಿಂತಿದ್ದಾರೆ. ನಮ್ಮ ಮೇಷ್ಟ್ರು ಇದನ್ನು ‘ಕಾನೂನಿನ ಬಾಲ್ಯ’ ಅನ್ನುತ್ತಿದ್ದರು. ನೀವು ದಂಡ ಹಾಕಿದಿರಿ, ಗಾಡಿ ಹಿಡಿದಿಟ್ಟಿರಿ, ಅಪ್ಪ ಅಮ್ಮನನ್ನು ಠಾಣೆಗೆ ಕರೆಸಿ ಬೈದಿರಿ. ಹುಡುಗರು ನಾಲ್ಕು ದಿನ ತಲೆ ತಗ್ಗಿಸಿಕೊಂಡಿದ್ದು ಮತ್ತೆ ಹೆದ್ದಾರಿಗೆ ಬಂದು ಮುಂದಿನ ಚಕ್ರ ಎತ್ತಿದರು. ನಿಮ್ಮ ಮೇಲೆ ನನಗೇನೂ ಸಿಟ್ಟಿಲ್ಲ. ಆ ಹುಡುಗರ ಪರ ವಕಾಲತ್ತು ಹಾಕಲಿಕ್ಕೂ ನಾನು ಬಂದಿಲ್ಲ. ನನ್ನಪ್ಪನ ಕಾಲದಲ್ಲಿ, ಇದೇ ರಿಂಗ್ ರೋಡಿನಲ್ಲಿ, ಶಾಲೆ ಬಿಟ್ಟು ಬಸ್ಸಿಗೆ ಕಾಯುತ್ತಿದ್ದ ಮಕ್ಕಳ ಮೇಲೆ ಪಂದ್ಯದ ಬೈಕುಗಳು ನುಗ್ಗಿದವು. ಅಪ್ಪ ರಸ್ತೆಯಲ್ಲಿ ಚೆಲ್ಲಿದ್ದ ಆ ಮಕ್ಕಳ ಚಪ್ಪಲಿಗಳನ್ನು ಹೆಕ್ಕಿದವರಲ್ಲಿ ಒಬ್ಬ. ಸಾಯುವತನಕ ಬೈಕಿನ ಸದ್ದು ಕೇಳಿದರೆ ತಟ್ಟೆ ಬಿಟ್ಟು ಏಳುತ್ತಿದ್ದ. ನಮ್ಮ ಕಾನೂನು ಹುಟ್ಟಿದ್ದು ಆ ವಾರದಲ್ಲಿ. ಮಕ್ಕಳನ್ನು ಮಣ್ಣು ಮಾಡಿ ಬಂದ ಜನ ಆ ಕೈಯಲ್ಲೇ ಬರೆದರು. ಯಾರು ಬೇಡ ಅನ್ನಲು ಸಾಧ್ಯವಿತ್ತು?

ಆ ಕಾನೂನು ಹೀಗಿದೆ. ಪ್ರತಿಯೊಂದು ಗಾಡಿಯ ಒಳಗೂ ಕಡಿವಾಣ ಎಂಬ ಒಂದು ಬಿಲ್ಲೆ ಇರುತ್ತದೆ. ಎಷ್ಟು ಜೋರಾಗಿ ಹೋಗಬೇಕು ಎಂಬುದನ್ನು ರಸ್ತೆಯ ಕಂಬ ಹೇಳುತ್ತದೆ, ಬಿಲ್ಲೆ ಕೇಳುತ್ತದೆ. ಆದರೂ ಹುಡುಗರು ಬಿಡಲಿಲ್ಲ. ಗುಜರಿಯಿಂದ ಅಜ್ಜಂದಿರ ಕಾಲದ ಪೆಟ್ರೋಲ್ ಎಂಜಿನ್ ಹೊರಗೆಳೆದು, ಕಬ್ಬಿನ ಸ್ಪಿರಿಟ್ ಹಾಕಿ ಓಡಿಸತೊಡಗಿದರು. ಕಡಿವಾಣವಿಲ್ಲದ ಗಾಡಿಯನ್ನು ಯಾವ ಕಂಬವೂ ನಿಲ್ಲಿಸಲಾರದು. ಆಗ ವೇಗಪಾಲನಾ ಇಲಾಖೆಯವರು ಇನ್ನೊಂದು ದಾರಿ ಹಿಡಿದರು. ಪಂದ್ಯದ ಗಾಡಿ ಯಾವ ಬಡಾವಣೆಯೊಳಗೆ ನುಗ್ಗಿ ಮಾಯವಾಯಿತೋ ಆ ಬಡಾವಣೆಯನ್ನೇ ಮಂದಬೀದಿ ಮಾಡುವುದು. ಅಲ್ಲಿ ಒಬ್ಬ ಮನುಷ್ಯ ಗಂಟೆ ಬಾರಿಸುತ್ತ ಮುಂದೆ ನಡೆಯಬೇಕು, ಗಾಡಿ ಅವನ ಹಿಂದೆ ಅವನ ಹೆಜ್ಜೆಯಷ್ಟೇ ಚಲಿಸಬೇಕು. ಅವನನ್ನು ಮುಂದಾಳು ಅನ್ನುತ್ತೇವೆ. ಅವನು ನಿಂತರೆ ಗಾಡಿ ನಿಲ್ಲುತ್ತದೆ, ಕೂತರೂ ನಿಲ್ಲುತ್ತದೆ. ಅವಧಿ ಮುಗಿಯುವತನಕ ಅಲ್ಲಿನವರು ಬೇರೆ ಕಡೆ ಹೋಗಿ ತಂಗುವಂತಿಲ್ಲ, ಓಡಿಸಿದವನು ನುಣುಚಿಕೊಂಡಾನು ಅಂತ. ಬೀದಿಯವರೆಲ್ಲ ಸೇರಿ ಓಡಿಸಿದವನ ಹೆಸರು ಒಪ್ಪಿಸಿದರೆ ಆ ಕ್ಷಣವೇ ಬೀದಿ ಬಿಡುಗಡೆ. ಹಾಗೆ ಸಿಕ್ಕಿಬಿದ್ದವನಿಗೆ ನಡಿಗೆ ಶಿಕ್ಷೆ. ಜೀವ ಇರುವಷ್ಟು ದಿನ ಅವನು ಚಕ್ರ ಇರುವ ಯಾವುದನ್ನೂ ಹತ್ತುವಂತಿಲ್ಲ, ಬಸ್ಸನ್ನೂ ಇಲ್ಲ, ಸೈಕಲ್ಲನ್ನೂ ಇಲ್ಲ. ಅಂಥವರನ್ನು ನೀವು ಶಿರಾ ರಸ್ತೆಯ ಬದಿಯಲ್ಲಿ ನೋಡಬೇಕು. ತಂಗಿ ಮದುವೆಗೆ ಮೂರು ದಿನ ಮೊದಲೇ ಮನೆ ಬಿಟ್ಟಿರುತ್ತಾರೆ, ಉಡುಗೊರೆ ತಲೆಯ ಮೇಲೆ.

ನಮ್ಮ ಹುಣಸೆತೋಪು ಹೀಗೆ ಮಂದವಾಗಿ ಎರಡು ವರ್ಷವಾಯಿತು. ತರಕಾರಿ ಟೆಂಪೊ ಬೀದಿಯ ಈ ತುದಿಗೆ ಬರುವ ಹೊತ್ತಿಗೆ ಸೊಪ್ಪು ಬಾಡಿರುತ್ತದೆ, ಅರ್ಧ ಟೊಮ್ಯಾಟೊ ಜಗಲಿಯಲ್ಲಿ ಕೂತವರ ಕೈಗೆ ಸೇರಿರುತ್ತದೆ. ಮಂದಬೀದಿಯ ಹೆಣ್ಣು ಅಂದರೆ ಗಂಡಿನ ಕಡೆಯವರು ಕಾಫಿ ಕುಡಿದು ಎದ್ದುಹೋಗುತ್ತಾರೆ. ಇಷ್ಟಕ್ಕೆಲ್ಲ ಕಾರಣ ಯಾರು ಎಂಬುದು ನಮಗೆಲ್ಲ ಗೊತ್ತಿತ್ತು. ಮೂಲೆಮನೆ ವೈಜಯಂತಿ. ಅಪ್ಪ ಇಲ್ಲದ ಹುಡುಗಿ, ಇಪ್ಪತ್ತೂ ತುಂಬಿರಲಿಲ್ಲ, ಹಿತ್ತಲ ಬಚ್ಚಲಲ್ಲಿ ಬೈಕ್ ಬಚ್ಚಿಟ್ಟಿದ್ದಳು. ಯಾರೂ ಹೆಸರು ಹೇಳಲಿಲ್ಲ. ನನಗೆ ಹೇಳಬೇಕು ಅಂತಿತ್ತು, ಸುಳ್ಳೇಕೆ. ಬಸ್ಸು ಹಿಡಿಯಲು ಒಂದೂವರೆ ಮೈಲಿ ಮಂಡಿ ಹಿಡಿದುಕೊಂಡು ನಡೆದು ಬಂದ ದಿನವಂತೂ ಕೊಡೆ ಎಸೆದು ಕೂಗಾಡಿದೆ. ಕಾತ್ಯಾಯಿನಿ ಎಣ್ಣೆ ಹಚ್ಚುತ್ತ, “ಆ ಮಗುವಿನ ಕಾಲು ಕಿತ್ತುಕೊಂಡು ನಿಮಗೆ ಬಸ್ಸು ಹತ್ತಬೇಕಾ? ಹೋಗ್ರೀ ಹೋಗಿ” ಅಂದಳು. ಆಮೇಲೆ ಎದ್ದು ಎಸೆದ ಕೊಡೆ ಎತ್ತಿಟ್ಟೆ.

ಕಾರ್ತಿಕದ ಒಂದು ಮಧ್ಯಾಹ್ನ ಅವಳು ಅಕ್ಕಿ ಆರಿಸುತ್ತಿದ್ದವಳು ಎದೆ ಹಿಡಿದುಕೊಂಡು ಮೊರದ ಮೇಲೇ ಒರಗಿದಳು. ಆಂಬುಲೆನ್ಸ್ ಬಡಾವಣೆಯ ಬಾಯಿಯಲ್ಲೇ ಇತ್ತು, ಒಳಗೆ ಬರಲು ಎಷ್ಟು ಹೊತ್ತಾಯಿತೋ ದೇವರಿಗೇ ಗೊತ್ತು. ಬಂದಮೇಲೆ ಅವಳನ್ನು ಮಲಗಿಸಿದರು, ನನ್ನ ಕೈಗೆ ಗಂಟೆ ಕೊಟ್ಟರು. ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ಯಾರ ಮನೆಯವರು ಗಾಡಿಯಲ್ಲಿದ್ದಾರೋ ಆ ಮನೆಯವರೇ ಮುಂದಾಳಾಗಬೇಕು ಎಂಬುದು ನಮ್ಮಲ್ಲಿ ರೂಢಿ. ಹೆಣದ ಮುಂದೆ ಮನೆಯವರು ನಡೆಯುವ ಹಾಗೆ. ಬೇರೆಯವರು ಗಂಟೆ ಮುಟ್ಟಿದರೆ ಆ ಮನೆಗೆ ಅವಮಾನ. ನಮಗೆ ಮಕ್ಕಳಿಲ್ಲ. ಹಾಗಾಗಿ ನಾನು ನಡೆದೆ. ಗಟ್ಟಿಮುಟ್ಟಾದ ಹುಡುಗರು ಎರಡೂ ಕಡೆ ಮರ್ಯಾದೆಯಿಂದ ಕೈಕಟ್ಟಿ ನಿಂತಿದ್ದರು. ಒಬ್ಬನಂತೂ ನನಗೆ ನೀರು ತಂದುಕೊಟ್ಟ. ನಾನು ಎಷ್ಟು ಬೇಗ ಕಾಲು ಎತ್ತಿಹಾಕುತ್ತೇನೋ ಅಷ್ಟೇ ಬೇಗ ನನ್ನ ಹೆಂಡತಿ ಆಸ್ಪತ್ರೆಗೆ ಹೋಗಬೇಕು. ಕಾಲೇ ಏಳುತ್ತಿಲ್ಲ. ಹಿಂದೆ ಎಂಜಿನ್ನಿನ ಗುರ್ ಗುರ್, ಒಳಗೆ ಅವಳ ನರಳಾಟ. ಡ್ರೈವರ್ ತಲೆ ಹೊರಗೆ ಹಾಕಿ, “ತಾತ, ಸ್ವಲ್ಪ ಬೇಗ, ಸ್ವಲ್ಪ ಬೇಗ” ಅಂತಿದ್ದ, ಅವನ ಕಣ್ಣಲ್ಲೂ ನೀರು.

ಅಷ್ಟು ಹೊತ್ತಿಗೆ ಗಲ್ಲಿಯಿಂದ ಆ ಹಾಳು ಬೈಕು ಬಂತು. ವೈಜಯಂತಿ ಎದುರು ನಿಲ್ಲಿಸಿ, “ಏನ್ರೋ ಇದು, ಮೆರವಣಿಗೆ ಮಾಡ್ತಿದ್ದೀರಾ? ಅಜ್ಜಿ ಸಾಯ್ತಾ ಇದಾರೆ ಕಣ್ರೋ!” ಎಂದು ಕಿರುಚಿದಳು. ಯಾರೂ ಅಲುಗಲಿಲ್ಲ. ಅವಳು ನನ್ನ ಮುಖ ನೋಡಿದಳು. ನಾನು ಗಂಟೆ ಕೆಳಗಿಟ್ಟೆ, ಡ್ರೈವರ್ ಕೈಲಿ ಹಿಂದಿನ ಬಾಗಿಲು ತೆಗೆಸಿದೆ, ಕಾತ್ಯಾಯಿನಿಯನ್ನು ನನ್ನ ಕೈಯಾರೆ ಎತ್ತಿ ಆ ಹುಡುಗಿಯ ಬೆನ್ನಿಗೆ ಒರಗಿಸಿದೆ. ಹುಡುಗಿಯ ದುಪಟ್ಟಾದಿಂದ ಇಬ್ಬರನ್ನೂ ಸೇರಿಸಿ ಕಟ್ಟಿದೆ. “ಓಡಿಸಮ್ಮ” ಅಂದೆ.

ಕಾತ್ಯಾಯಿನಿ ಉಳಿದಳು. ಮೂರು ದಿನ. ಇನ್ನೂ ಸ್ವಲ್ಪ ಮುಂಚೆ ಕರೆತಂದಿದ್ದರೆ ಪೂರ್ತಿ ಉಳಿಯುತ್ತಿದ್ದರು ಎಂದು ಡಾಕ್ಟರು ಅಂದರು. ಆ ಮೂರು ದಿನ ನನ್ನ ಕೈ ಹಿಡಿದುಕೊಂಡು ಏನೇನೋ ಮಾತಾಡಿದಳು. ಉಪ್ಪಿನಕಾಯಿ ಜಾಡಿ ಬಿಸಿಲಲ್ಲಿದೆ, ಒಳಗಿಡಿ ಅಂದಳು. “ರೀ, ಆ ಹುಡುಗಿ ಹಿಂದೆ ಕೂತಾಗ ಸೆರಗು ಪಟಪಟ ಅಂತಿತ್ತು. ಎದೆ ಒಡೀತಿದೆ, ಆದ್ರೂ ನಗು ಬಂತು ನೋಡಿ” ಅಂದಳು. ಮದುವೆಯಾದಾಗಿನಿಂದ ಅವಳನ್ನು ನಾನು ಬೇಗ ಎಲ್ಲಿಗೂ ಕರೆದುಕೊಂಡು ಹೋದವನಲ್ಲ. ನಾಲ್ಕನೇ ದಿನ ಬೆಳಿಗ್ಗೆ ಹೋದಳು.

ಆಸ್ಪತ್ರೆಯ ಬಾಗಿಲಲ್ಲೇ ವೈಜಯಂತಿಯನ್ನು ಹಿಡಿದರು. ಇನ್ನು ಬೀದಿಯವರು ವಿಚಾರಣೆಗೆ ಹೋಗಿ, ಇದು ಇವಳೊಬ್ಬಳದೇ ತಪ್ಪು, ನಾವು ಯಾರೂ ಜೊತೆಗಿರಲಿಲ್ಲ ಅಂದರೆ ಸಾಕು, ಬೀದಿ ಬಿಡುಗಡೆ. ಯಾರಾದರೂ ಕೈ ಸೇರಿಸಿದ್ದರೆ ಅದು ಕೂಡುತಪ್ಪು. ಮತ್ತೊಂದು ಅವಧಿ ಮಂದ. ನನ್ನ ಪಕ್ಕದ ಮನೆ ಮಾಬೂಬಿಯವರದು. ಸೊಸೆ ನಗೀನಾ ತುಂಬು ಬಸುರಿ, ಮೊದಲ ಸಲ ಆಪರೇಷನ್ ಆಗಿದ್ದರಿಂದ ಈ ಸಲವೂ ಆಸ್ಪತ್ರೆಯೇ ಆಗಬೇಕು, ನೋವು ಬಂದ ತಕ್ಷಣ ತಲುಪಬೇಕು ಎಂದು ಹೇಳಿದ್ದಾರೆ. ವಿಚಾರಣೆಯ ಹಿಂದಿನ ದಿನ ಮಾಬೂಬಿ ನನ್ನ ಹೊಸಿಲಲ್ಲಿ ಕೂತು, “ಅಣ್ಣಾ, ಅತ್ತಿಗೆ ಹೋದ್ರು, ಏನು ಮಾಡಿದ್ರೂ ಬರಲ್ಲ. ಇವಳನ್ನಾದ್ರೂ ಉಳಿಸಿಕೊಡಿ. ನೀವು ಒಂದು ಮಾತು ನುಂಗಿಕೊಂಡ್ರೆ ಆಯ್ತು” ಅಂದರು. ನುಂಗಿಕೊಳ್ಳುತ್ತೇನೆ ಅಂತ ಮಾತು ಕೊಟ್ಟೆ. ನಿಜವಾಗಿಯೂ ಕೊಟ್ಟೆ.

ವಿಚಾರಣೆ ಹೋದ ವಾರ ನಡೆಯಿತು. ಅಧಿಕಾರಿ ಶಾಲ್ಮಲಾ ಮೇಡಂ ಒಳ್ಳೆಯವರು. ನನಗೆ ಕುರ್ಚಿ ಹಾಕಿಸಿದರು, ಟೀ ತರಿಸಿದರು. ಯಾಕೆ ಬೇರೆ ಯಾರೂ ಮುಂದೆ ನಡೆಯಲಿಲ್ಲ ಎಂದು ಕೇಳಿದರು. ರೂಢಿ ಹೇಳಿದೆ. ಅವರು ಆಶ್ಚರ್ಯದಿಂದ ನಿಯಮ ಓದಿಸಿದರು: ‘ಯಾರಾದರೂ ಒಬ್ಬರು ಮುಂದೆ ನಡೆಯತಕ್ಕದ್ದು.’ ಮನೆಯವರೇ ಎಂದು ಎಲ್ಲೂ ಇಲ್ಲ. ಅದು ನಾವೇ ಸೇರಿಸಿಕೊಂಡದ್ದು. ನನ್ನ ಹಿಂದೆ ನಿಂತಿದ್ದ ಬೀದಿಯ ಹುಡುಗರಲ್ಲಿ ಒಬ್ಬ ಹೊರಗೆ ಹೋಗಿ ವಾಂತಿ ಮಾಡಿಕೊಂಡ. ಆಮೇಲೆ ಮೇಡಂ ನಾನು ಒಪ್ಪಬೇಕಾದ ಹೇಳಿಕೆಯನ್ನು ನಿಧಾನವಾಗಿ ಓದಿದರು. ಆರೋಪಿಯು ರೋಗಿಯನ್ನು ಬಲವಂತವಾಗಿ ಕೊಂಡೊಯ್ದಿದ್ದು, ಅತಿವೇಗದ ಪರಿಣಾಮವಾಗಿ ರೋಗಿ ಮೃತಪಟ್ಟಿರುತ್ತಾರೆ.

ಬಲವಂತ ಎಂಬುದನ್ನು ನುಂಗಿಕೊಂಡೆ. ಮುಂದಿನದು ಗಂಟಲಲ್ಲಿ ಇಳಿಯಲಿಲ್ಲ. ವೇಗದಿಂದ ಸತ್ತಳು ಅಂದರೆ ಆ ಮೂರು ದಿನ ಏನಾಗಬೇಕು? ಉಪ್ಪಿನಕಾಯಿ ಜಾಡಿ, ಆ ನಗು, ನನ್ನ ಕೈಯಲ್ಲಿದ್ದ ಅವಳ ಕೈ? ನಾನು ಎದ್ದು ನಿಂತೆ. ಎಲ್ಲಿಂದಲೋ ಕಾಲೇಜಿನ ಇಂಗ್ಲಿಷ್ ನುಗ್ಗಿ ಬಂತು. “ನೋ ಮೇಡಂ, ಐ ಆಬ್ಜೆಕ್ಟ್” ಅಂದೆ. ಎತ್ತಿ ಕೂರಿಸಿದವನು ನಾನು, ಕಟ್ಟಿದವನು ನಾನು, ಓಡಿಸು ಅಂದವನು ನಾನು, ಆ ವೇಗದಿಂದಲೇ ಅವಳು ಮೂರು ದಿನ ನನ್ನ ಜೊತೆ ಇದ್ದಳು ಅಂದೆ. ಮೇಡಂ ಕಣ್ಣು ಮುಚ್ಚಿಕೊಂಡರು. “ಯಜಮಾನರೇ, ನಿಮಗೆ ಕುಳಿತುಕೊಳ್ಳಲು ಇನ್ನೊಂದು ಅವಕಾಶ ಕೊಡುತ್ತೇನೆ” ಅಂದರು. ನಾನು ಕೂರಲಿಲ್ಲ.

ಕೂಡುತಪ್ಪು ಎಂದು ತೀರ್ಮಾನವಾಯಿತು. ವೈಜಯಂತಿಗೆ ನಡಿಗೆ, ನನಗೂ ನಡಿಗೆ, ಬೀದಿ ಮತ್ತೊಂದು ಅವಧಿ ಮಂದ. ಹೊರಗೆ ಬಂದಾಗ ಆ ಹುಡುಗಿ ನನಗೆ ಥ್ಯಾಂಕ್ಸ್ ಹೇಳುತ್ತಾಳೆ ಅಂದುಕೊಂಡಿದ್ದೆನೋ ಏನೋ. ಅವಳು ನನ್ನ ಅಂಗಿ ಹಿಡಿದು ಅತ್ತಳು. “ಯಾಕೆ ತಾತ ಬಾಯಿ ಬಿಟ್ರಿ? ನಾನು ಹೆಂಗೂ ನಡೆಯೋಳೇ ಆಗಿದ್ದೆ. ನನ್ನ ಕಾಲಿಗಾದ್ರೂ ಒಂದು ಬೆಲೆ ಸಿಗ್ತಿತ್ತು, ನಗೀನಕ್ಕನಿಗೆ ಗಾಡಿ ಸಿಗ್ತಿತ್ತು. ನಿಮ್ಮ ನಿಜ ತಗೊಂಡು ನಾನೇನು ಮಾಡ್ಲಿ?” ಇಬ್ಬರೂ ಮನೆಯವರೆಗೆ ಜೊತೆಗೇ ನಡೆದೆವು, ಬೇರೆ ಬೇರೆ ಬದಿಯಲ್ಲಿ.

ಬೀದಿಯವರು ನನ್ನನ್ನು ಮಾತಾಡಿಸುವುದಿಲ್ಲ. ಮಾಬೂಬಿ ಮೊದಲೆಲ್ಲ ಗೋಡೆಯ ಮೇಲಿಂದ ಸಾರು ಕೊಡುತ್ತಿದ್ದರು, ಈಗ ಆ ಕಡೆ ನೋಡಿದರೆ ಮುಖ ತಿರುಗಿಸುತ್ತಾರೆ. ಸರಿಯೇ ಅದು. ನಗೀನಾಳಿಗೆ ಇನ್ನೂ ನೋವು ಶುರುವಾಗಿಲ್ಲ. ಯಾವಾಗ ಬೇಕಾದರೂ ಆಗಬಹುದು. ಆ ಮನೆಯಲ್ಲಿ ಪಾತ್ರೆ ಬಿದ್ದರೂ ಎದ್ದು ಬಾಗಿಲಿಗೆ ಬರುತ್ತೇನೆ.

ನಿಮ್ಮನ್ನು ಕೇಳಿಕೊಳ್ಳುವುದು ಇಷ್ಟೇ. ನಿಮ್ಮ ಕಾಲದಲ್ಲಿ ಈ ಕಾನೂನು ಇನ್ನೂ ಯಾರ ತಲೆಗೂ ಬಂದಿಲ್ಲ. ನಿಮ್ಮಲ್ಲೂ ಮಕ್ಕಳು ಸಾಯುತ್ತಾರೆ, ನಿಮಗೂ ಹೊಟ್ಟೆ ಉರಿಯುತ್ತದೆ, ಆಗ ಯಾರಾದರೂ ಎದ್ದು ಒಂದು ಗಟ್ಟಿ ಮಾತು ಹೇಳುತ್ತಾರೆ, ನೀವು ಚಪ್ಪಾಳೆ ತಟ್ಟುತ್ತೀರಿ. ತಟ್ಟುವ ಮುಂಚೆ ಸ್ವಲ್ಪ ತಡೆಯಿರಿ. ಬೀದಿಯಲ್ಲಿ ಪಂದ್ಯ ಕಟ್ಟುವವನಿಗೆ ದಂಡ ಹಾಕಿ, ಗಾಡಿ ಕಿತ್ತುಕೊಳ್ಳಿ, ಜೈಲಿಗೂ ಹಾಕಿ, ನಾನು ಬೇಡ ಅನ್ನುವುದಿಲ್ಲ. ಅವನ ತಪ್ಪನ್ನು ಅವನಲ್ಲೇ ಮುಗಿಸಿ. ಪಕ್ಕದ ಮನೆಯ ಬಸುರಿಯನ್ನು ಅದಕ್ಕೆ ಜಾಮೀನಾಗಿ ಹಿಡಿಯಬೇಡಿ.

ಇನ್ನು ನಿಲ್ಲಿಸುತ್ತೇನೆ. ಹಿಂದಂಚೆಯ ಕಚೇರಿ ಊರಿನ ಆ ತುದಿಯಲ್ಲಿದೆ. ಇದನ್ನು ಹಾಕಲು ಈಗ ಹೊರಟರೆ ಸಂಜೆಯೊಳಗೆ ತಲುಪುತ್ತೇನೆ.

ಇಂತಿ ನಿಮ್ಮ ವಿಶ್ವಾಸಿ,
ಗುರುಶಾಂತಯ್ಯ