ಆಡಿಟ್‌ಗೆ ನಾನು ಬರುತ್ತಿಲ್ಲ

ದೇವರಾಜ ಮೊಹಲ್ಲಾ, ಮೈಸೂರು
14-11-2002

ಪುಟ್ಟಣ್ಣನವರಿಗೆ ವಾಗೀಶನ ನಮಸ್ಕಾರಗಳು.

ನಾನು ಆಡಿಟರ್ ಪರೀಕ್ಷೆ ಪಾಸಾದೆ. ಹಳೆಯ ಐಎಸ್‌ಒ ಗುಣಮಟ್ಟ ನಿಯಮದ ಇಪ್ಪತ್ತು ಅಂಶಗಳನ್ನು ಬಾಯಿಪಾಠ ಮಾಡಿ ಎಂಟು ವರ್ಷ ಆಡಿಟ್ ಮಾಡಿದವನು, ನಿಯಮ ಬದಲಾದ ಮೇಲೆ ಎರಡು ಸಲ ಫೇಲಾಗಿದ್ದೆ. ಮನೆಯಲ್ಲೂ ಹೇಳಿರಲಿಲ್ಲ.

ಹೋದ ವರ್ಷ ಕಾರ್ಖಾನೆಯಲ್ಲಿ ನಿಮ್ಮ ಲೇತ್ ಯಂತ್ರದ ಪಕ್ಕ ನಿಂತು ಫೈಲು ಕೇಳಿದಾಗ ನೀವು, "ಫೈಲು ಎಲ್ಲೋಗುತ್ತೆ ಬುಡಿ ಸಾರ್. ಈ ಪೀಸ್ ಹಿಂದೇನೇ ನಡ್ಕೊಂಡೋಗಿ, ಎಲ್ಲೆಲ್ಲಿ ನಿಂತ್ಕೊಳ್ತದೆ ನೋಡಿ" ಅಂದಿರಿ. ನನಗೆ ಸಿಟ್ಟೇ ಬಂತು. ಆದರೂ ಪ್ಯಾಕಿಂಗ್‌ವರೆಗೆ ನಡೆದೆ. ಹೊಸ ನಿಯಮ ಕೇಳುವುದು ಕಾಗದವನ್ನಲ್ಲ, ಕೆಲಸ ಸಾಗುವ ದಾರಿಯನ್ನು ಎಂದು ಅವತ್ತು ಅರ್ಥವಾಯಿತು. ಪರೀಕ್ಷೆಯಲ್ಲಿ ಅದನ್ನೇ ಬರೆದೆ.

ಮುಂದಿನ ತಿಂಗಳು ನಡೆಯುವ ನಿಮ್ಮ ಕಾರ್ಖಾನೆಯ ಆಡಿಟ್ ನನ್ನ ಪಾಲಿಗೇ ಬಂದಿತ್ತು. ಹೋಗುವ ಮುಂಚೆ ನಾವೊಂದು ಫಾರಂ ತುಂಬಬೇಕು. ಅಲ್ಲಿ ಯಾರದಾದರೂ ಹಂಗಿನಲ್ಲಿದ್ದೀರಾ ಎಂದು ಅದರಲ್ಲಿ ಕೇಳುತ್ತಾರೆ. ಇಷ್ಟು ವರ್ಷ 'ಇಲ್ಲ' ಎಂದು ಬರೆದವನು ಈ ಸಲ ನಿಮ್ಮ ಹೆಸರು ಬರೆದೆ. ಹಾಗಾಗಿ ನನ್ನ ಬದಲು ಬೇರೆಯವರು ಬರುತ್ತಾರೆ.

ಅವರೂ ಬಂದ ತಕ್ಷಣ ಫೈಲು ಕೇಳಿದರೆ, ದಯವಿಟ್ಟು ಒಂದು ಸುತ್ತು ನಡೆಸಿಬಿಡಿ.

ನಿಮ್ಮ ವಿದ್ಯಾರ್ಥಿ,
ವಾಗೀಶ